ಕೆಂಪು ಎಳೆ

ಸೆಗೆಡ್ ಊರಿನ ಪ್ರಯೋಗಶಾಲೆಯ ನೆಲಮಾಳಿಗೆಯಲ್ಲಿ
ನಲವತ್ತು ಸುಂಡಿಲಿಗಳಿಗೆ ಬಡಿಸುವುದು ನನ್ನ ಕೆಲಸ.
ಇಪ್ಪತ್ತಕ್ಕೆ ಕಾಳಿನ ಬಿಲ್ಲೆ, ಸಪ್ಪೆ, ಮಣ್ಣಿನ ಬಣ್ಣ.
ಇಪ್ಪತ್ತಕ್ಕೆ ಹಂದಿಕೊಬ್ಬು ಬೆರೆತದ್ದು,
ಗುರುತಿಗೆಂದು ನೀಲಿ ಹಚ್ಚಿದ್ದು.
ಬೆರಳಿಗಂಟಿದ ಆ ನೀಲಿ ಸೋಪಿಗೂ ಬೇಗ ಬಗ್ಗದು.

ಹತ್ತನೇ ವಾರ ತೂಗಿದೆ.
ನೀಲಿ ತಿಂದವು ನಾದಿಟ್ಟ ಹಿಟ್ಟಿನುಂಡೆಯ ಹಾಗೆ
ಅಂಗೈ ತುಂಬಿದವು.
ಒಂದರ ಗುಂಡಿಗೆ ತೆಗೆದು ನೋಡಿದರೆ
ಅಂಥದ್ದೇನೂ ಇಲ್ಲ. ಜೀವಕೋಶದೊಳಗೆ ಅಲ್ಲಲ್ಲಿ ಎಣ್ಣೆಹನಿ,
ಸಾರಿನ ಮೇಲಿನ ಜಿಡ್ಡು,
ಊದಿದರೆ ಸರಿದೀತು ಅನ್ನುವಷ್ಟು.

ಇಪ್ಪತ್ತನೇ ವಾರ
ಗೋಡೆ ದಪ್ಪಗಾಗಿತ್ತು.
ಕುಗ್ಗಲು ಬರುತ್ತದೆ ಅದಕ್ಕೆ, ಹಿಗ್ಗಲು ಬಾರದು.
ಮೇಣದಲ್ಲಿ ಹುದುಗಿಸಿ, ಈರುಳ್ಳಿಸಿಪ್ಪೆಗಿಂತ ತೆಳ್ಳಗೆ ಸೀಳಿ,
ಬೆಚ್ಚನೆ ನೀರಲ್ಲಿ ತೇಲಿಬಿಟ್ಟು, ಗಾಜಿನ ಮೇಲೆ ಹಿಡಿದು,
ಒಂದು ಗಂಟೆ ಬಣ್ಣದಲ್ಲಿ ಅದ್ದಿದೆ.
ಹಳದಿ ಸ್ನಾಯುವಿನ ನಡುವೆ ಕೆಂಪು ಎಳೆ, ಎಳೆಯ ಪಕ್ಕ ಎಳೆ:
ಹರಿದಲ್ಲಿ ಅವಸರಕ್ಕೆ ಹಾಕಿದ ಹೊಲಿಗೆ,
ಹೊಲಿಗೆಯೇ ಬಟ್ಟೆಯಾಗುತ್ತ ಬಂದಿತ್ತು.

ಅಪ್ಪ ಆಂಬ್ರುಷ್, ಮೂವತ್ತೊಂದು ವರ್ಷ ಟ್ರ್ಯಾಮ್ ಓಡಿಸಿದವ.
ನಸುಕಿನ ಪಾಳಿಗೆ ಮುಂಚೆ ನಿಂತೇ ತಿನ್ನುತ್ತಿದ್ದ:
ಬ್ರೆಡ್ಡಿನ ಮೇಲೆ ಬೆರಳುದಪ್ಪ ಹಂದಿಕೊಬ್ಬು,
ನೇರಳೆ ಈರುಳ್ಳಿ, ಮೇಲೊಂದು ಚಿಟಿಕೆ ಪಾಪ್ರಿಕಾ.
ಅಂಚಿನ ಗಟ್ಟಿ ತುಂಡು ನನಗೆ.
ಈಗಲೂ ನೆನೆದರೆ ಬಾಯಲ್ಲಿ ನೀರು, ಸುಳ್ಳು ಯಾಕೆ?
ಪಾಳಿ ಮುಗಿದ ಮೇಲಿನ ಸಾಸೇಜು, ಸೋಡಾ,
ನಡುರಾತ್ರಿಯ ಚಿಪ್ಸು, ಅವನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

‘ಗುಂಡಿಗೆ ದೊಡ್ಡದಾಗಿದೆ’ ಅಂದರು ಡಾಕ್ಟರು,
ಎಕ್ಸ್-ರೇ ಬೆಳಕಿಗೆ ಹಿಡಿದು.
ಅಪ್ಪ ನಕ್ಕ. ‘ಮೊದಲಿಂದಲೂ ದೊಡ್ಡದೇ ಸ್ವಾಮಿ.
ಟಿಕೆಟಿಲ್ಲದ ಮುದುಕಿಯರನ್ನ
ಚಳಿಯಲ್ಲಿ ಒಮ್ಮೆಯಾದರೂ ಇಳಿಸಿದ್ದೀನಾ?’

ಆಮೇಲೆ ಹಟ ಹಿಡಿದ. ಒಂದೂವರೆ ವರ್ಷ
ಬೇಯಿಸಿದ ಕೋಸು, ನದೀದಂಡೆಯ ನಡಿಗೆ.
ಇಪ್ಪತ್ತಾರು ಕಿಲೋ ಇಳಿದ.
ಬೆಲ್ಟಿಗೆ ಮೊಳೆಯಿಂದ ತಾನೇ ಹೊಸ ತೂತು ಹೊಡೆದ,
ಹಳೆ ಪ್ಯಾಂಟೊಳಗೆ ಎರಡೂ ಕೈ ತೂರಿಸಿ
ಕನ್ನಡಿ ಮುಂದೆ ಮಕ್ಕಳಂತೆ ಕುಣಿದ.
‘ಈಗ ಎಲ್ಲ ಸರಿಯಾಯ್ತಲ್ಲ, ನೀನೇ ಹೇಳು,
ಗುಂಡಿಗೆ ಓದಿದವಳು.’

ನೀಲಿ ತಿಂದವುಗಳಲ್ಲಿ ಐದನ್ನು
ಕಾಳಿಗೆ ಮರಳಿಸಿದ್ದೆವು.
ಮೂವತ್ತನೇ ವಾರಕ್ಕೆ ತೆಳ್ಳಗಾಗಿ,
ಯಾವುದು ಯಾವ ಪಂಜರದ್ದೆಂದು ನನಗೇ ತಿಳಿಯದಷ್ಟು.
ಎಣ್ಣೆಹನಿ ಹೋಗಿತ್ತು. ಗೋಡೆಯೂ ಕೊಂಚ ಇಳಿದಿತ್ತು.
ಎಳೆ?
ಒಂದೆರಡು ಕಡೆ ಸಡಿಲ.
ಉಳಿದ ಕಡೆ, ಹಾಕಿದವರು ಹೋದ ಮೇಲೂ ಉಳಿವ ಬೇಲಿ.

‘ಎಷ್ಟೋ ವಾಸಿ ಅಪ್ಪ’ ಅಂದೆ. ಅದೂ ನಿಜವೇ.

ನಿನ್ನೆ ಲಿಫ್ಟ್ ಕೆಟ್ಟಿತ್ತು. ನಾಲ್ಕು ಮಹಡಿ.
ಮೂರನೆಯದರ ತಿರುವಿನಲ್ಲಿ ನಿಂತ,
ಕಟಕಟೆ ಹಿಡಿದು, ಕಿಟಕಿಗೆ ಮುಖ ಮಾಡಿ.
‘ಇಲ್ಲಿಂದ ಟಿಸಾ ಎಷ್ಟು ಚೆನ್ನ ಕಾಣುತ್ತೆ ನೋಡು.’
ಆ ಕಿಟಕಿಯಾಚೆ ಇರುವುದು
ಪಕ್ಕದ ಬೇಕರಿಯ ಬೋಳುಗೋಡೆ.
ಚೀಲ ಕೆಳಗಿಟ್ಟು ನಾನೂ ನಿಂತೆ.
ಹೌದಪ್ಪ, ಅಂದೆ,
ಈ ಸಲ ನೀರು ಜಾಸ್ತಿ.