ಹದಿನಾರು ಬೋಲ್ಟು

ಜುಬೈಲಿನ ಶಟ್‌ಡೌನಿಗೆ ಇಪ್ಪತ್ತೊಂದು ದಿನ.
ಮೊದಲ ದಿನ ಏಸಿ ಕೋಣೆಯಲ್ಲಿ ನಿಲ್ಲಿಸಿ
ಟೈ ಕಟ್ಟಿದವನೊಬ್ಬ ಕೈಗೆ ಕೆಂಪು ಚೆಂಡು ಕೊಟ್ಟ:
ಎಸೆಯಿರಿ, ಹೆಸರು ಹೇಳಿ, ತಂಡವಾಗಿ.
ಎಸೆದೆವು. ಗುಲ್‌ಜಮಾನನ ಏಟಿಗೆ ಪ್ರೊಜೆಕ್ಟರು ಅಲುಗಿತು.
ನಕ್ಕೆವು. ತಂಡವಾಗಲಿಲ್ಲ.

ಹದಿನೆಂಟಿಂಚಿನ ಪೈಪು, ಫ್ಲಾಂಜಿಗೆ ಹದಿನಾರು ಬೋಲ್ಟು,
ತಲೆಗೆ ನಾಲ್ಕು.
ಪಠಾಣ ತನ್ನವನ್ನು ಒಂದೇ ಉಸಿರಿಗೆ ಬಿಗಿದ,
ತೋಳು ನೋಡಿ ಎಂದ. ನೋಡಿದೆವು.
ರೊಡೆಲ್, ಮಗುವಿನ ಮೂಗು ಒರೆಸಿದ ಹಾಗೆ
ಒರೆಸಿ, ಗ್ರೀಸು ಹಚ್ಚಿ, ಮೆಲ್ಲಗೆ ತಿರುಗಿಸಿದ.
ಸುಡಲೈಮುತ್ತು ಬೇಗ ಮುಗಿಸಿ ನೆರಳಿಗೆ ಹೋದ.
ಡಂಬರ್ ಥಾಪಾ, ಎಂದೂ ಮಾತಾಡದವನು,
ಅವತ್ತೂ ಆಡಲಿಲ್ಲ.
ಒಬ್ಬೊಬ್ಬನದೂ ಸರಿಯಾಗಿಯೇ ಇತ್ತು.
ನೀರು ಬಿಟ್ಟು ಒತ್ತಡ ಏರಿಸಿದರೆ
ಗಡಿಯಾರದ ಐದರ ಜಾಗದಿಂದ ಹನಿ.
ಒಂದು ಕಡೆ ಅತಿಯಾಗಿ ಅದುಮಿದರೆ
ಇನ್ನೊಂದು ಕಡೆ ಬಾಯಿ ಬಿಡುತ್ತದೆ ಕಬ್ಬಿಣ.

ಇಪ್ಪತ್ತು ವರ್ಷದ ಫಿಟ್ಟರು ನಾನು, ಮೂಲ್ಕಿಯವ; ಇದು ಗೊತ್ತಿತ್ತು.
ಗೊತ್ತಿದ್ದದ್ದನ್ನು ಹಿಂದಿಯಲ್ಲಿ ಕಿರುಚಿದೆ.
ಕಿರುಚಿದ್ದು ಮಾತ್ರ ಎಲ್ಲರಿಗೂ ಅರ್ಥವಾಯಿತು.

ಮರುದಿನ ಬಂದರೆ ಬೋಲ್ಟುಗಳ ಪಕ್ಕ ಸೀಮೆಸುಣ್ಣದ ಅಂಕಿ:
ಒಂದರ ಎದುರು ಎರಡು, ಮೂರರ ಎದುರು ನಾಲ್ಕು.
ಡಂಬರನ ಬೆರಳು ಬೆಳ್ಳಗಿತ್ತು.
ಎದುರುಬದುರು, ಸ್ವಲ್ಪ ಸ್ವಲ್ಪ, ಮೂರು ಸುತ್ತು.
ಎಣಿಕೆ ಯಾವ ಭಾಷೆಯಲ್ಲಿ ಎಂದು ಜಗಳ;
ಕೊನೆಗೆ ಅರಬ್ಬಿ, ನಮ್ಮಲ್ಲಿ ಯಾರ ತಾಯಿಯೂ ಆಡದ್ದು:
ವಾಹಿದ್, ಇತ್ನೇನ್, ತಲಾತ...
ಮುತ್ತುವಿನ ಎಂಟು ಕೇಳದೆ
ಗುಲ್ ಒಂಬತ್ತಕ್ಕೆ ಕೈ ಹಾಕುವಂತಿಲ್ಲ.
ಅವನು ಇನ್ನೊಬ್ಬನಿಗಾಗಿ ಸುಮ್ಮನೆ ನಿಂತದ್ದು
ನಾನು ಕಂಡಂತೆ ಅದೇ ಮೊದಲು.

ಎರಡನೆಯ ಸುತ್ತಿನಲ್ಲಿ ತಡೆದ.
"ಉಸ್ತಾದ್, ಹನ್ನೊಂದರಲ್ಲಿ ಸ್ಪ್ಯಾನರು ಜಾರಿತು.
ಬಿಗಿಯಾಯಿತೋ ಇಲ್ಲವೋ, ಗೊತ್ತಿಲ್ಲ."
ಅಷ್ಟೆತ್ತರದ ಆಳಿನ ಬಾಯಿಂದ
ಎಷ್ಟು ಚಿಕ್ಕದಾಗಿ ಬಂತು ಆ ಮಾತು.
ಬಯ್ಯಲು ಬಾಯಿ ತೆರೆದೆ; ಗಾಳಿ ಮರಳು ತುಂಬಿತು.
ಉಗಿದು ತಿರುಗುವಷ್ಟರಲ್ಲಿ
ರೊಡೆಲ್ ತನ್ನ ಸ್ಪ್ಯಾನರನ್ನು ಅವನಿಗೆ ಕೊಟ್ಟಿದ್ದ,
ಮುತ್ತು ಎದುರಿನ ಹನ್ನೆರಡನ್ನು ಸಡಿಲಿಸಿದ್ದ.
ಮತ್ತೆ ಒಂದರಿಂದ.

ಹನಿಯಲಿಲ್ಲ. ಈಜಿಪ್ಟಿನ ಇನ್‌ಸ್ಪೆಕ್ಟರು ಸುತ್ತಲೂ ಬಟ್ಟೆ ಒತ್ತಿ ನೋಡಿ,
ಒಣ ಬಟ್ಟೆಯನ್ನು ಮಡಚಿ ಜೇಬಿಗಿಟ್ಟು ಹೋದ.
ಅಷ್ಟೇ.

ಇಪ್ಪತ್ತೆರಡನೆಯ ದಿನ ಬೆಳಿಗ್ಗೆ ಬೇರೆ ಬೇರೆ ಬಸ್ಸು:
ಯಾನ್ಬು, ರಾಸ್ ತನೂರಾ, ವಿಮಾನ ನಿಲ್ದಾಣ.
ಪೇಂಟಿನವರು ಅಂಕಿಗಳ ಮೇಲೆ ಬೂದು ಬಣ್ಣ ಬಳಿದಿರುತ್ತಾರೆ.
ನಿದ್ದೆ ಬಾರದ ರಾತ್ರಿ
ನಾನು ಎಣಿಸುವುದು ಈಗಲೂ ಅರಬ್ಬಿಯಲ್ಲೇ.
ಏಳಾದ ಮೇಲೆ ತಡೆಯುತ್ತೇನೆ.
ಎಂಟು ಮುತ್ತುವಿನದು.