ಸಾಕ್ಷಿ ಕಟಕಟೆಗೆ ಬಣ್ಣ

ಟೆಂಡರಿನಲ್ಲಿ ಎರಡೇ ಪದ: ಡಾರ್ಕ್ ವಾಲ್ನಟ್.
ಬರೆದವರು ಮರ ನೋಡಿಲ್ಲ.
ಇದು ಮತ್ತಿ. ಹುಟ್ಟಾ ಕಪ್ಪು.
ಮೇಲೆ ಅರವತ್ತು ವರ್ಷದ ಅರಗು, ಚಂದರಸ,
ಅದರ ಮೇಲೆ ಯಾವನೋ ಬಳಿದ ಎನಾಮಲ್ಲು.
ಕೋರ್ಟಿಗೆ ಬೇಸಿಗೆ ರಜೆ. ಅರಸೀಕೆರೆಯ ಬಿಸಿಲು
ಕಿಟಕಿ ಸರಳು ದಾಟಿ ಬಂದು
ಜಡ್ಜ್ ಸಾಹೇಬರ ಕುರ್ಚಿಯಲ್ಲಿ ಕೂತಿದೆ.
ಆಚೆ ಶಿವಮೊಗ್ಗದ ಗಾಡಿ ಹೋದರೆ
ಕಟಕಟೆಯ ಚಿಲಕ ತಾನಾಗಿ ಅಲುಗುತ್ತದೆ.

ತೌಸೀಫ ಉಪ್ಪುಕಾಗದ ಹಾಕುತ್ತಾನೆ,
ಎಂಬತ್ತು, ಆಮೇಲೆ ನೂರಿಪ್ಪತ್ತು.
ಅಡ್ಡಪಟ್ಟಿ ಮಾತ್ರ ಮಣಿಯುವುದಿಲ್ಲ.
ಎರಡು ಕಡೆ, ಮೊಳದ ಅಂತರದಲ್ಲಿ,
ಬಂದವರೆಲ್ಲ ಹಿಡಿದು ಹಿಡಿದು
ಮೇಣ ಸವರಿದ ಹಾಗೆ ನುಣ್ಣಗಾದ ಜಾಗ.
'ಮೌನೇಶಣ್ಣ, ಇಲ್ಲಿ ಬಣ್ಣ ಇಳಿಯಲ್ಲ.'
ಇಳಿಯಲ್ಲ ಕಣೋ. ಬೆವರು ಕುಡಿದ ಮರ
ಇನ್ನೇನೂ ಕುಡಿಯಲ್ಲ.

ತಳದ ಹಲಗೆ ಮಗುಚಿ, ಯಾರಿಗೂ ಕಾಣದ ಕಡೆ
ಒಂದೊಂದೇ ಒರೆಸಿ ನೋಡಿದೆ.
ಟೀಕ್ ಹಚ್ಚಿದ್ದೇ ಗೊತ್ತಾಗಲಿಲ್ಲ.
ಮಹಾಗನಿ, ಎಲೆಅಡಿಕೆ ಹಾಕಿದ ಬಾಯಿ.
ಎಬೊನಿಯಲ್ಲಿ ಮರದ ಗೆರೆಯೆಲ್ಲ ಮುಳುಗಿ ಬರೀ ರೊಟ್ಟಿ ಹೆಂಚು.
ವಾಲ್ನಟ್ ತಪ್ಪೇನಿಲ್ಲ, ಆದರೆ
ಎರಡು ಸಲ ಸೋಸಿದ ಕಾಫಿ ಚರಟ.
ಕಪ್ಪು ಮರಕ್ಕೆ ಬಣ್ಣ ಆರಿಸೋದು ಅಂದರೆ
ಒಳಗಿನ ಯಾವುದನ್ನ ಮೇಲೆ ಕರೀಬೇಕು ಅಂತ ಆರಿಸೋದು,
ಅಪ್ಪ ಅನ್ನುತ್ತಿದ್ದ.
ಕಂದಿನಲ್ಲೇ ನಲವತ್ತು ಬಗೆ ಅವನಿಗೆ:
ಬೆಲ್ಲದ ಪಾಕ, ಎಮ್ಮೆ ಕೊಂಬಿನ ಬುಡ,
ಒಣಗಿದ ತೆಂಗಿನ ಚಿಪ್ಪು, ಅದೇ ಚಿಪ್ಪು ನೆನೆದಾಗ.
ನನಗೂ ಅಷ್ಟೂ ಬರುತ್ತವೆ.

ಇದೇ ಕಟಕಟೆ. ಹನ್ನೊಂದು ವರ್ಷ ಆಯಿತು.
ನನ್ನ ಹೆಸರು ಮೂರು ಸಲ ಕೂಗಿದರು, ಹತ್ತಿದೆ.
ಬಿ.ಎಚ್. ರಸ್ತೆ, ಸಂಜೆ ಆರೂಕಾಲು,
ಸೈಕಲ್ಲಿಗೆ ಐಸ್ ಪೆಟ್ಟಿಗೆ ಕಟ್ಟಿಕೊಂಡಿದ್ದ ಹುಡುಗ.
ಜೀಪು ನಿಲ್ಲಲಿಲ್ಲ.
ವಕೀಲರು ಕೇಳಿದ್ದು ಒಂದೇ: ಜೀಪಿನ ಬಣ್ಣ ಯಾವುದು?
ಪ್ಲೈವುಡ್ ಅಂಗಡಿಯ ಯಜಮಾನರು ಹಿಂದಿನ ಬೆಂಚಿನಲ್ಲಿ
ಕರ್ಚೀಫಿನಿಂದ ಕನ್ನಡಕ ಒರೆಸುತ್ತಿದ್ದರು.
ಅವರ ಉದ್ರಿ ಪುಸ್ತಕದಲ್ಲಿ ನನ್ನವು ಎರಡು ಪುಟ.
'ಕತ್ತಲಾಗಿತ್ತು ಸ್ವಾಮಿ,' ಅಂದೆ, 'ಏನೋ ಗಾಢ ಬಣ್ಣ.'
ಟೈಪಿಸ್ಟು ಕುಟ್ಟಿದರು. ಓದಿ ಹೇಳಿದರು.
ಸರಿಯಾಗಿದೆ ಅಂದೆ.
ಆಗ ಎರಡೂ ಕೈ ಪಟ್ಟಿಯ ಮೇಲಿದ್ದವು.

ಆ ಹುಡುಗ ಈಗ ಬಸ್ ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಮಾರುತ್ತಾನೆ,
ಎಡಗಾಲು ಚಾಚಿಕೊಂಡು.
ನಾನು ಅವನ ಹತ್ತಿರ ಕೊಳ್ಳಲ್ಲ.
ತೌಸೀಫ ತಂದರೆ ತಿನ್ನುತ್ತೇನೆ.

ನಿನ್ನೆ ರಾತ್ರಿ ಹೊನ್ನೆ ಚೆಕ್ಕೆ ನೆನೆಹಾಕಿದ್ದೆ.
ಬೆಳಿಗ್ಗೆ ನೋಡಿದರೆ ಲೋಟದ ತುಂಬ ಆ ಜೀಪು,
ಅಂಚಿನಲ್ಲಿ ಒಂದೆಳೆ ನೀಲಿ ಸಮೇತ.
ಮೊದಲ ಕೈ ಅದನ್ನೇ ಕೊಟ್ಟೆ.
ಆರಿದ ಮೇಲೆ ವಾಲ್ನಟ್, ತೆಳ್ಳಗೆ, ಬಟ್ಟೆಯಲ್ಲಿ ಎಳೆದು.
ಕೈ ಹಿಡಿದ ಜಾಗ ಹೇಗಿತ್ತೋ ಹಾಗೇ ಉಳಿಯಿತು.
ಇಂಜಿನಿಯರ್ ಬಂದು ಶೇಡ್ ಕಾರ್ಡ್ ಪಕ್ಕದಲ್ಲಿಟ್ಟು,
'ಅಚ್ಚು ವಾಲ್ನಟ್ಟೇ ಕಣ್ರೀ' ಅಂತ ಸಹಿ ಹಾಕಿ,
ಎಳನೀರು ಕುಡಿಯಲು ಹೋದರು.
ಬಿಸಿಲು ಓರೆಯಾಗಿ ಬಿದ್ದಾಗ
ಆಳದಿಂದ ಕೆಂಪು ಏಳುತ್ತದೆ. ಸ್ವಲ್ಪ ಹೊತ್ತು.

ತೌಸೀಫ ಡಬ್ಬದ ಮುಚ್ಚಳ, ಪೆನ್ಸಿಲ್ ಹಿಡಿದು ನಿಂತ.
'ನಾಳೆ ಆರೋಪಿ ಕಟಕಟೆಗೂ ಇದೇ ತಾನೆ? ಅಳತೆ ಹೇಳಿ.'
ವಾಲ್ನಟ್ ಹನ್ನೆರಡು ಚಮಚ, ಎಬೊನಿ ಒಂದು.
ಅದಕ್ಕೂ ಮೊದಲು ಹೊನ್ನೆ ನೀರು, ಜೀಪಿನ ಕೆಂಪು.
'ಯಾವ ಜೀಪಣ್ಣ?'
ಹಾಗೇ ಬರಿ.
ಬರೆದ.
ಓದಿ ಹೇಳು ಅಂದೆ.
ಓದಿ ಹೇಳಿದ.
ಕೈ ಎಲ್ಲೂ ಊರದೆ ನಿಂತುಕೊಂಡು,
ಸರಿಯಾಗಿದೆ ಅಂದೆ.