ಎರಡನೆಯ ನಲ್ಲಿ

ಮೀನಿನ ವಾಸನೆ ಹೋಗಲು ಒಂಬತ್ತು ದಿನ ಹಿಡಿಯಿತು.
ಇನ್ವರ್ಮೇಯ ಮೀನು ಹಿಡಿಯುವವನೊಬ್ಬ ಐವತ್ತು ಡಾಲರಿಗೆ ಕೊಟ್ಟ
ಗೋರಿಯಷ್ಟುದ್ದದ ಫ್ರೀಜರು.
ಅಡಿಗೆ ಸೋಡ, ವಿನೆಗರ್, ಬಿಸಿನೀರು, ಮತ್ತೆ ಅಡಿಗೆ ಸೋಡ;
ಮುಚ್ಚಳ ಎತ್ತಿ, ತಲೆ ಒಳಗಿಟ್ಟು ಮೂಸಿ
ಇವತ್ತಿಗೆ ಸಾಕು ಎಂದೆ.

ಬಾಟಲಿ ತೊಳೆದು ಸಾಕಾಗಿತ್ತು ನನಗೆ.
ಒಂದೊಂದು ಸಲಕ್ಕೆ ಅರವತ್ತು. ಅದರಲ್ಲೊಂದು
ಜನವರಿಯ ಸೆಕೆಗೆ, ನಡುರಾತ್ರಿ ಸಿಡಿದು
ಗ್ಯಾರೇಜಿನ ಗೋಡೆಗೆ ಕಂದು ನಕ್ಷೆ ಬರೆದಿತ್ತು.

ಈಗ ಲಾನ್ಸೆಸ್ಟನ್ನಿನ ಜೂನ್. ಕಣಿವೆಯ ಮಂಜು ಹತ್ತಾದರೂ ಏಳುವುದಿಲ್ಲ.
ಪಕ್ಕದ ಮನೆಯ ಡೆಸ್ ಬೇಲಿಯ ಮೇಲಿಂದ ಇಣುಕಿದ.
ನಲವತ್ತು ವರ್ಷ ಕೊಳಾಯಿ ಕೆಲಸ; ಏಳು ವರ್ಷದಿಂದ
ಒಂದು ಹನಿ ಮುಟ್ಟಿಲ್ಲ.
ವಾರಿಜ ಎನ್ನಲು ಬಾರದೆ ನನ್ನನ್ನು ವರಿ ಅನ್ನುತ್ತಾನೆ.
"ನೋ ವರೀಸ್" ಎಂದಾಗಲೆಲ್ಲ
ನಾನೇ ಇಲ್ಲವೆಂದಂತೆ.

ಕೆಗ್ಗುಗಳು ಎರಡು, ಹತ್ತೊಂಬತ್ತು ಲೀಟರಿನವು,
ಹಿಂದೆ ಯಾವುದೋ ಕೋಲಾದ ಪಾಕ ಹೊತ್ತು ತಿರುಗಿದವು.
ರಬ್ಬರು ಉಂಗುರಗಳಲ್ಲಿ ಇನ್ನೂ ಅದೇ ಸಿಹಿ.
ಕಿತ್ತೆಸೆದು ಹೊಸವು ತೊಡಿಸಿದೆ,
ಬಳೆಗಾರ್ತಿಯಂತೆ, ಜಿಡ್ಡು ಸವರಿ.
ಬೂದು ಕಿವಿಗೆ ಗ್ಯಾಸು, ಕರಿ ಕಿವಿಗೆ ಬಿಯರು;
ಅದಲು ಬದಲಾದರೆ ಬಿಡಿಸಲು ಸುತ್ತಿಗೆಯೇ ಗತಿ.

ಗೋಡೆಗೆ ಭೈರಿಗೆ ಹಾಕಬೇಡ ಎಂದ ಡೆಸ್,
ಒಳಗೆ ಎಲ್ಲೆಲ್ಲಿ ನರ ಓಡಿದೆಯೋ ಯಾರು ಬಲ್ಲರು.
ಮುಚ್ಚಳದಡಿ ಮರದ ಚೌಕಟ್ಟು ಕೂರಿಸಿ
ಅದಕ್ಕೇ ಎರಡು ತೂತು ಕೊರೆದೆವು.
ಎರಡನೆಯದಕ್ಕೆ ಸದ್ಯ ಬಿರಡೆ.

ಶುಕ್ರವಾರ ಗ್ಯಾಸು ಬಿಟ್ಟೆ.
ಶನಿವಾರ ಮುಳ್ಳು ಸೊನ್ನೆಯಲ್ಲಿ ಮಲಗಿತ್ತು.
ಇಡೀ ಸಿಲಿಂಡರು, ಒಂದೇ ರಾತ್ರಿಗೆ, ಸದ್ದಿಲ್ಲದೆ.

ಹೊಸ ಸಿಲಿಂಡರು. ಡೆಸ್ ಮಂಡಿಯೂರಿ
ಪಾತ್ರೆ ಸೋಪಿನ ನೊರೆಯನ್ನು ಬ್ರಶ್ಶಿನಿಂದ
ಒಂದೊಂದು ಕೀಲಿಗೂ ಬಳಿದ, ಕಾದ, ಬಳಿದ.
ರೆಗ್ಯುಲೇಟರಿನ ಕತ್ತಿನಲ್ಲಿ
ಕೂಸಿನ ಜೊಲ್ಲಿನಂತೆ ಒಂದು ಗುಳ್ಳೆ
ಹುಟ್ಟಿತು, ಊದಿತು, ಒಡೆಯಿತು, ಮತ್ತೆ ಹುಟ್ಟಿತು.
"ಸಿಕ್ಕಳು," ಎಂದ.
ಅವನ ಬಾಯಲ್ಲಿ ಸೋರಿಕೆಗಳೆಲ್ಲ ಹೆಂಗಸರು.
ನನ್ನದೂ ಹೀಗೇ ಇತ್ತು, ಅಂದ, ವಾಶರು ಬದಲಿಸುತ್ತ,
ವರ್ಷಗಟ್ಟಲೆ. ಯಾವ ಕೀಲೆಂದೇ ತಿಳಿಯಲಿಲ್ಲ.
ಆಮೇಲೆ ಸ್ಪ್ಯಾನರು ಕೇಳಿದ. ಕೊಟ್ಟೆ.

ಮೊದಲ ಗ್ಲಾಸು ಬರೀ ನೊರೆ. ಎರಡನೆಯದೂ.
ಗೃಹಪ್ರವೇಶದ ಹಾಲಿನಂತೆ ಉಕ್ಕಿ ನನ್ನ ಚಪ್ಪಲಿಗೆ ಸುರಿಯಿತು.
ಕೊಳವೆ ಗಿಡ್ಡವಾಯಿತು, ಅಂದ; ಮೂರು ಮೀಟರು ಮಾಡು,
ಬಿಯರು ದಣಿದು ಬರಬೇಕು.
ದಣಿಸಿದೆವು.
ಐದನೆಯ ಗ್ಲಾಸು: ಜೇನು ಬಣ್ಣ, ಎರಡು ಬೆರಳು ನೊರೆ.
ಡೆಸ್ ಅದನ್ನು ಕಿಟಕಿಯ ಬೆಳಕಿಗೆ ಹಿಡಿದ,
ಮೂಸಿದ, ಒಂದು ಉಸಿರಿನಷ್ಟು ಕಣ್ಣು ಮುಚ್ಚಿದ,
ನನ್ನ ಕೈಗೇ ವಾಪಸು ಕೊಟ್ಟ.
"ಹಾಪ್ಸು ತುಸು ಜಾಸ್ತಿ."

ಎರಡನೆಯ ನಲ್ಲಿಯಲ್ಲಿ ಈಗ
ಮಳೆತೊಟ್ಟಿಯ ನೀರು, ಗ್ಯಾಸು, ಹಿತ್ತಲ ನಿಂಬೆ, ಚಿಟಿಕೆ ಉಪ್ಪು.
ಮಂಗಳವಾರ ಸಂಜೆ ಬೇಲಿಯ ಸಡಿಲ ಹಲಗೆ ಸರಿಸಿ ಬರುತ್ತಾನೆ,
ಗ್ಲಾಸು ತನ್ನದೇ ತರುತ್ತಾನೆ.
ಉಪ್ಪು ಯಾಕೆಂದು ಪ್ರತಿ ಸಲ ಕೇಳುತ್ತಾನೆ.
ಫ್ರೀಜರು ತೆರೆದಾಗ
ಒಮ್ಮೊಮ್ಮೆ, ಇನ್ನೂ, ಮೀನು.